ಅಂಕೋಲೆಯ ವೀಟಾ

ಈ ಮಳೆಗಾಲ ಪೂರ್ತಿ ನಮ್ಮ ಮನೆಯಲ್ಲಿ ಒಂದೇ ಚರ್ಚೆ. ಹತ್ತು ವರ್ಷ ದಾಟಿದ ಪ್ಲೇಸ್ಟೇಷನ್ ವೀಟಾ, ಅಂದರೆ ಸೋನಿಯ ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮ್ ಯಂತ್ರ ಒಂದಕ್ಕೆ ಎಂಟು ಸಾವಿರ ರೂಪಾಯಿ ಕೊಡಬೇಕೋ ಬೇಡವೋ? ಚರ್ಚೆ ಅಂದರೆ ನಾನೊಬ್ಬಳೇ ಮಾಡಿದ್ದು. ನಮ್ಮನೆಯವರು "ಎಂತಕ್ಕೆ ಬೇಕಾತು ನಿಂಗೆ ಅದು?" ಎಂದು ಒಂದೇ ಮಾತಿನಲ್ಲಿ ಮುಗಿಸಿ ಪೇಪರಿಗೆ ಮರಳಿದರು. ಹೈಸ್ಕೂಲಿಗೆ ಹೋಗುವ ಮಗನ ತೀರ್ಪು ಇನ್ನೂ ಖಡಕ್ಕು: "ಆಯಿ, ಅದ್ರಲ್ಲಿ ಯೂಟ್ಯೂಬೂ ನಡಿತಿಲ್ಲೆ."

ಮಾರುವವರು ಅಂಕೋಲೆಯ ಕಡೆಯವರು, ನಮ್ಮನೆಯವರ ಸಹೋದ್ಯೋಗಿಯೊಬ್ಬರ ತಮ್ಮ. ಹಡಗಿನಲ್ಲಿ ಕೆಲಸ. ಮದುವೆಗೆ ಮುಂಚೆ ಸಿಂಗಾಪುರದಲ್ಲಿ ಕೊಂಡು, ರಾತ್ರಿ ಪಾಳಿ ಮುಗಿದ ಮೇಲೆ ಕ್ಯಾಬಿನ್ನಿನಲ್ಲಿ ಕೂತು ಆಡುತ್ತಿದ್ದರಂತೆ. ನಮ್ಮ ಕರಾವಳಿಯಲ್ಲಿ ಫಾರಿನ್ ಸಾಮಾನು ಬರುವ ದಾರಿಗಳು ಎರಡು. ಹೊಸದು ಬೇಕಿದ್ದರೆ ಭಟ್ಕಳದ ಅಂಗಡಿಗಳು. ಹಳೆಯದು ಬೇಕಿದ್ದರೆ ಹಡಗಿನವರ, ಗಲ್ಫಿನವರ ಮನೆಯ ಕಪಾಟುಗಳು. ಆ ಕಪಾಟುಗಳಲ್ಲಿ ಏನೇನಿದೆ ಎಂದು ಒಂದು ಪಟ್ಟಿ ಮಾಡಿದರೆ ಅರ್ಧ ಮ್ಯೂಸಿಯಂ ಆದೀತು.

ನನಗೆ ಎಂತಕ್ಕೆ ಬೇಕು ಎಂಬ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಕೆಲಸದ ಮೇಲೆ ಕಾರವಾರದಿಂದ ಮಡಗಾವಿಗೆ ರೈಲಿನಲ್ಲಿ ಓಡಾಡುವವಳು ನಾನು. ಶಿರವಾಡದ ಸ್ಟೇಷನ್ನಿನಲ್ಲಿ ಹತ್ತಿ, ಕಾಳಿ ಸೇತುವೆ ದಾಟಿ, ಅಸ್ನೋಟಿ ಬರುವಷ್ಟರಲ್ಲಿ ಮೊಬೈಲಿನ ಕಡ್ಡಿಗಳು ಇಳಿಯಲು ಶುರು. ಕಾಣಕೋಣದ ಆಚೆ ಬಾರ್ಸೆಮ್ ಸುರಂಗವೊಂದೇ ಮೂರು ಕಿಲೋಮೀಟರಿಗಿಂತ ಉದ್ದ. ಅಲ್ಲಿ ನೆಟ್‌ವರ್ಕ್ ಕೇಳುವವರೇ ಇಲ್ಲ. ಮೊಬೈಲಿನ ಆಟಗಳಲ್ಲಿ ಬಹಳಷ್ಟು ಈಗ ನೆಟ್ ಇಲ್ಲದಿದ್ದರೆ ಬಾಗಿಲೇ ತೆರೆಯುವುದಿಲ್ಲ. ತೆರೆದರೂ ಎರಡು ನಿಮಿಷಕ್ಕೊಂದು ಜಾಹೀರಾತು, ನಡುವೆ ಆಫೀಸಿನ ವಾಟ್ಸಾಪ್. ಗಾಜಿನ ಮೇಲೆ ಬೆರಳು ಉಜ್ಜಿ ಆಡುವುದೂ ನನಗೆ ಒಗ್ಗಿಲ್ಲ. ಒತ್ತಿದರೆ ಟಕ್ ಎನ್ನುವ ಗುಂಡಿ ಬೇಕು. ಆಟ ಆಡುವುದಕ್ಕೆಂದೇ ಇರುವ, ಬೇರೇನೂ ಮಾಡಲಾರದ ಒಂದು ಯಂತ್ರ ಬೇಕು. ಮಗ ಕೊರತೆ ಎಂದು ಹೇಳಿದ್ದೇ ನನಗೆ ಅದರ ಗುಣವಾಗಿ ಕಂಡಿತು.

ನಲವತ್ತು ದಾಟಿದ ಹೆಂಗಸು ರೈಲಿನಲ್ಲಿ ವಿಡಿಯೋ ಗೇಮ್ ಆಡುತ್ತಾಳೆ ಎಂದರೆ ಎದುರಿನ ಸೀಟಿನವರು ಒಮ್ಮೆ ನೋಡುತ್ತಾರೆ, ನಿಜ. ಅದೇ ಸೀಟಿನಲ್ಲಿ ಅವರು ಮೂವತ್ತು ಸೆಕೆಂಡಿನ ವಿಡಿಯೋಗಳನ್ನು ಜೋರು ದನಿಯಲ್ಲಿ ಹಾಕಿಕೊಂಡು ಕೂತಿರುತ್ತಾರೆ. ಅದಕ್ಕಿಂತ ಇದು ವಾಸಿ.

ನನ್ನದು ಲೆಕ್ಕ ಬರೆಯುವ ಉದ್ಯೋಗ. ಹಳೇ ಯಂತ್ರ ಅಂದಕೂಡಲೇ ಸವಕಳಿ ನೆನಪಾಗುತ್ತದೆ. ಆದಾಯ ತೆರಿಗೆಯ ಲೆಕ್ಕದಲ್ಲಿ ಕಂಪ್ಯೂಟರಿಗೆ ವರ್ಷಕ್ಕೆ ಶೇಕಡಾ 40 ಸವಕಳಿ, ಅದೂ ಹಿಂದಿನ ವರ್ಷ ಕಳೆದುಳಿದ ಬೆಲೆಯ ಮೇಲೆ. 20,000 ರೂಪಾಯಿಯ ಕಂಪ್ಯೂಟರು ಹತ್ತು ವರ್ಷ ಕಳೆದರೆ ಪುಸ್ತಕದಲ್ಲಿ ಉಳಿಯುವುದು 121 ರೂಪಾಯಿ. ಆ ಲೆಕ್ಕದಲ್ಲಿ ಎಂಟು ಸಾವಿರ ಎಂಬುದು ಹುಚ್ಚು ಮಾತು. ಆದರೆ ಆ ಲೆಕ್ಕ ಯಂತ್ರದ ಮೇಲೆ ಮಾತ್ರ ಕಣ್ಣಿಡುತ್ತದೆ. ನಾನು ಓದುತ್ತಾ, ಕೇಳುತ್ತಾ ಹೋದಂತೆ ಗೊತ್ತಾದದ್ದು ಬೇರೆ. ವೀಟಾ ಎಂಬ ಯಂತ್ರ ಅಷ್ಟೇನೂ ಮುದಿಯಾಗಿಲ್ಲ. ಮುದಿಯಾದದ್ದು, ಸತ್ತದ್ದು, ಸಾಯುತ್ತಿರುವುದು ಅದರ ಸುತ್ತ ಇದ್ದವು: ಕಾರ್ಡು, ಕೇಬಲ್ಲು, ಬ್ಯಾಟರಿ, ಅಂಗಡಿ.

ಇದು ಹೊಳೆದದ್ದು ಸಿರಸಿಯ ಜಾತ್ರೆಯ ಬ್ರಿಕ್ ಗೇಮಿನಿಂದ. ತವರು ಸಿರಸಿ ಸೀಮೆ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆ ಗದ್ದುಗೆಗೆ ಬರುವಾಗ ಪೇಟೆ ತುಂಬ ಅಂಗಡಿ. ತೊಂಬತ್ತರ ದಶಕದಲ್ಲಿ ಬಳೆ, ಪಿಪಿ, ಬಾಂಬೆ ಮಿಠಾಯಿಯ ನಡುವೆ ಆ ಬೂದು ಬಣ್ಣದ ಡಬ್ಬಿಗಳೂ ನೇತಾಡುತ್ತಿದ್ದವು. ಮೇಲೆ "9999 ಆಟ" ಎಂಬ ಚೀಟಿ. ಇದ್ದದ್ದು ಬೆರಳೆಣಿಕೆಯ ಆಟ. ಉಳಿದದ್ದೆಲ್ಲ ಅವೇ ಆಟಗಳು, ವೇಗ ಬೇರೆ. ಅಪ್ಪಯ್ಯ ಚೌಕಾಸಿ ಮಾಡಿ ಒಂದು ಕೊಡಿಸಿದ್ದ. ನಾನು, ಅಣ್ಣ, ದೊಡ್ಡಪ್ಪನ ಮಕ್ಕಳು ಸೇರಿ ಅದಕ್ಕಾಗಿ ಜಗಳವಾಡಿದ್ದಕ್ಕೆ ಮಿತಿಯಿಲ್ಲ. ಟಾರ್ಚಿನಿಂದ ಶೆಲ್ಲು ಕದ್ದು ಅದಕ್ಕೆ ಹಾಕುತ್ತಿದ್ದೆವು. ಕರೆಂಟು ಹೋದ ರಾತ್ರಿ ಟಾರ್ಚು ಹತ್ತದೆ ಆಯಿ ಬೈಯುತ್ತಿದ್ದಳು.

ಆ ಬ್ರಿಕ್ ಗೇಮು ಈಗಲೂ ನಡೆಯುತ್ತದೆ. ಹೋದ ಸಲ ತವರಿಗೆ ಹೋದಾಗ ಅಟ್ಟದಿಂದ ಇಳಿಸಿ, ಒಳಗಿನ ಸ್ಪ್ರಿಂಗಿನ ಕಿಲುಬು ಕೆರೆದು, ಎರಡು ಹೊಸ ಶೆಲ್ಲು ಹಾಕಿದೆ. ಚೌಕಗಳು ಬೀಳತೊಡಗಿದವು. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಕಾರ್ಡು ಬೇಡ, ಖಾತೆ ಬೇಡ, ಪಾಸ್‌ವರ್ಡ್ ಬೇಡ. ಯಾವ ಪೇಟೆಯಲ್ಲೂ ಸಿಗುವ ಶೆಲ್ಲು ಸಾಕು.

ಆ ಆಟದ ಮೂಲ ಮಾಸ್ಕೋದ್ದು. 1984ರಲ್ಲಿ ಅಲೆಕ್ಸಿ ಪಜಿಟ್ನೋವ್ ಬರೆದ ಟೆಟ್ರಿಸ್. ಅದು ಜಗತ್ತಿಗೆಲ್ಲ ಅಂಟಿದ್ದು 1989ರಲ್ಲಿ, ನಿಂಟೆಂಡೋ ಕಂಪನಿಯ ಕೈ ಯಂತ್ರ ಗೇಮ್ ಬಾಯ್ ಜೊತೆ. ಗೇಮ್ ಬಾಯ್ ಹಿಂದಿದ್ದ ಗುನ್‌ಪೇ ಯೊಕೊಯಿ ಎಂಬ ವಿನ್ಯಾಸಕಾರರ ಹಠವನ್ನು ನಾನು ಬಹಳ ಮೆಚ್ಚಿಕೊಂಡಿದ್ದೇನೆ. ಹಳತಾಗಿ, ಅಗ್ಗವಾಗಿ, ಗುಣದೋಷವೆಲ್ಲ ಗೊತ್ತಾಗಿಹೋದ ತಂತ್ರಜ್ಞಾನವನ್ನೇ ಎತ್ತಿಕೊಂಡು ಹೊಸದಕ್ಕೆ ಬಳಸಬೇಕು ಎನ್ನುವುದು ಅವರ ವಾದ. ಕ್ಯಾಲ್ಕುಲೇಟರಿನ ಪರದೆ ಅಗ್ಗವಾದಾಗ 1980ರಲ್ಲಿ ಗೇಮ್ ಆಂಡ್ ವಾಚ್ ಎಂಬ ಪುಟಾಣಿ ಆಟದ ಯಂತ್ರ ಮಾಡಿದರು. ಬಣ್ಣದ ಪರದೆ ಸಾಧ್ಯವಿದ್ದ ಕಾಲದಲ್ಲಿ ಗೇಮ್ ಬಾಯ್‌ಗೆ ಹಸಿರು ಮಸುಕಿನ ಪರದೆ ಹಾಕಿದರು, ಹಿಂದಿನಿಂದ ಬೆಳಕೂ ಇಲ್ಲ. ನಾಲ್ಕು ಶೆಲ್ಲು ದಿನಗಟ್ಟಲೆ ಬಂತು. ಪ್ರತಿಸ್ಪರ್ಧಿಯಾಗಿ 1990ರಲ್ಲಿ ಬಂದ ಸೇಗಾದ ಗೇಮ್ ಗಿಯರ್ ಬಣ್ಣಬಣ್ಣವಾಗಿತ್ತು, ಆರು ಶೆಲ್ಲನ್ನು ಕೆಲವೇ ಗಂಟೆಯಲ್ಲಿ ಮುಗಿಸುತ್ತಿತ್ತು. ಇಷ್ಟು ವರ್ಷದ ನಂತರ ಗೇಮ್ ಗಿಯರ್ ಕೊಳ್ಳುವವರು ಮೊದಲು ಕೇಳುವುದು ಒಳಗಿನ ಕೆಪಾಸಿಟರ್ ಬದಲಾಯಿಸಿದ್ದಾರಾ ಎಂದು, ಏಕೆಂದರೆ ಅವು ಸೋರಿ ಬೋರ್ಡನ್ನೇ ತಿನ್ನುತ್ತವೆ. ಗೇಮ್ ಬಾಯ್‌ಗೆ ಶೆಲ್ಲು ಹಾಕಿದರೆ ಸಾಮಾನ್ಯವಾಗಿ ಆಡುತ್ತದೆ. ಅದರಲ್ಲೂ ಒಂದು ಕೊಂಕಿದೆ. ಆಟ ಎಲ್ಲಿಗೆ ನಿಂತಿತು ಎಂದು ನೆನಪಿಡುವ ಹಲವು ಕಾರ್ಟ್ರಿಜ್‌ಗಳ ಒಳಗೆ ಗುಂಡಗಿನ ನಾಣ್ಯದ ಬ್ಯಾಟರಿ ಇರುತ್ತದೆ. ಅದು ಸತ್ತರೆ ಆಟ ಇರುತ್ತದೆ, ನಿಮ್ಮ ಆಟದ ನೆನಪು ಇರುವುದಿಲ್ಲ. ಬೆಸುಗೆ ಹಾಕಲು ಬಲ್ಲವರು ಹೊಸದು ಕೂರಿಸುತ್ತಾರೆ.

ಹೀಗೆ ನೋಡಿದರೆ 1989ರ ಗೇಮ್ ಬಾಯ್‌ಗಿಂತ 2011ರ ವೀಟಾವೇ ಹೆಚ್ಚು ಮುದಿ. ವೀಟಾದ ಮೊದಲ ಮಾದರಿಯನ್ನು ಕೈಯಲ್ಲಿ ಹಿಡಿದರೆ ಇದನ್ನು ನಂಬುವುದು ಕಷ್ಟ. ಐದು ಇಂಚಿನ ಒಎಲ್‌ಇಡಿ ಪರದೆ, ಕಪ್ಪು ಅಂದರೆ ಕಾಡಿಗೆಯ ಕಪ್ಪು. ಆಡಿಸಲು ಎರಡು ಪುಟ್ಟ ಕೋಲು (ಜಾಯ್‌ಸ್ಟಿಕ್), ಹಿಂಬದಿಯಲ್ಲೂ ಸ್ಪರ್ಶ ಫಲಕ. 2013ರಲ್ಲಿ ಬಂದ ಎರಡನೇ ಮಾದರಿ ತೆಳ್ಳಗೆ, ಹಗುರ, ಮಾಮೂಲಿ ಮೈಕ್ರೋ ಯುಎಸ್‌ಬಿಯಲ್ಲಿ ಚಾರ್ಜ್ ಆಗುತ್ತದೆ. ಆದರೆ ಪರದೆ ಎಲ್‌ಸಿಡಿ, ಕಪ್ಪು ಅಷ್ಟು ಕಪ್ಪಲ್ಲ. ಜನ ಇವತ್ತಿಗೂ ಇವೆರಡರಲ್ಲಿ ಯಾವುದು ಲೇಸು ಎಂದು ಜಗಳವಾಡುತ್ತಾರೆ. ಅಂಕೋಲೆಯದು ಮೊದಲ ಮಾದರಿ. ಅದರ ಚಾರ್ಜಿಂಗ್ ತೂತು ಸೋನಿಯದೇ ಆಕಾರದ್ದು. ಕೇಬಲ್ ಕಳೆದರೆ ಕಾರವಾರದ ಯಾವ ಮೊಬೈಲ್ ಅಂಗಡಿಯಲ್ಲೂ ಅಂಥದ್ದು ಸಿಗಲಿಕ್ಕಿಲ್ಲ. ಆನ್‌ಲೈನಿನ ನಕಲಿಗೇ ಕೈ ಚಾಚಬೇಕು.

ಕೇಬಲ್ಲಿನದು ಸಣ್ಣ ಮಾತು. ದೊಡ್ಡ ಮಾತು ಮೆಮೊರಿ ಕಾರ್ಡಿನದು. ಎಲ್ಲರೂ ಬಳಸುವ ಮೈಕ್ರೋ ಎಸ್‌ಡಿ ಕಾರ್ಡನ್ನು ಬಿಟ್ಟು ಸೋನಿ ವೀಟಾಕ್ಕಾಗಿಯೇ ಬೇರೆ ಕಾರ್ಡು ಮಾಡಿತು. ಅಮೆರಿಕದಲ್ಲಿ 32 ಜಿಬಿಯ ಕಾರ್ಡಿಗೆ ಆಗ ನೂರು ಡಾಲರ್ ಬೆಲೆ. ಮೊದಲ ಮಾದರಿಯಲ್ಲಿ ಆಟ ಉಳಿಸಿಕೊಳ್ಳಲು ಒಳಗೆ ಜಾಗವೇ ಇಲ್ಲ, ಆದ್ದರಿಂದ ಕಾರ್ಡಿಲ್ಲದ ವೀಟಾ ಅರ್ಧ ಯಂತ್ರ. ಆ ಕಾರ್ಡುಗಳನ್ನು ಮಾಡುವವರು ಈಗ ಯಾರೂ ಇಲ್ಲ. ಇರುವುದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಓಡಾಡುತ್ತಿದೆ, ಕೆಟ್ಟುಹೋದಷ್ಟು ಕಡಿಮೆಯಾಗುತ್ತಿದೆ. ಸಾಫ್ಟ್‌ವೇರ್ ತಿದ್ದಿ ಮೈಕ್ರೋ ಎಸ್‌ಡಿ ಕೂರಿಸುವ ಉಪಾಯವನ್ನು ಹವ್ಯಾಸಿಗಳು ಕಂಡುಹಿಡಿದಿದ್ದಾರೆ, ಸಾವಿರಾರು ಜನ ಮಾಡಿಕೊಂಡಿದ್ದಾರೆ. ಕಂಪನಿ ಒಪ್ಪದ ದಾರಿ ಅದು. ತಾನೇ ಮುಚ್ಚಿದ ಬಾಗಿಲನ್ನು ಜನ ಕಿಟಕಿಯಿಂದ ಹತ್ತಿದರೆ ಕಂಪನಿ ಸಿಟ್ಟಾಗುವುದರಲ್ಲಿ ನನಗೆ ನ್ಯಾಯ ಕಾಣುವುದಿಲ್ಲ, ಕೊಂಡ ಆಟವನ್ನೇ ಆಡುವಷ್ಟರ ಮಟ್ಟಿಗೆ.

ಇನ್ನು ಆಟಗಳನ್ನು ಇಳಿಸಿಕೊಳ್ಳುವ ಆನ್‌ಲೈನ್ ಅಂಗಡಿ. 2021ರ ಮಾರ್ಚ್ ಕೊನೆಗೆ ಸೋನಿ ಒಂದು ಪ್ರಕಟಣೆ ಕೊಟ್ಟಿತು: ಪಿಎಸ್‌ಪಿ (ವೀಟಾಕ್ಕೂ ಮುಂಚಿನ ಕೈ ಯಂತ್ರ), ಟಿವಿಗೆ ಜೋಡಿಸುವ ಪ್ಲೇಸ್ಟೇಷನ್ 3 ಮತ್ತು ವೀಟಾದ ಅಂಗಡಿಗಳನ್ನು ಅದೇ ವರ್ಷ ಮುಚ್ಚುತ್ತೇವೆ. ಗದ್ದಲವೆದ್ದಿತು. ಮೂರು ವಾರದಲ್ಲಿ ಮಾತು ತಿರುಗಿಸಿ ವೀಟಾ ಮತ್ತು ಪ್ಲೇಸ್ಟೇಷನ್ 3ರ ಅಂಗಡಿಗಳನ್ನು ಉಳಿಸಿದರು. ಪಿಎಸ್‌ಪಿಯದು ಮಾತ್ರ ಜುಲೈನಲ್ಲಿ ಮುಚ್ಚಿಯೇಹೋಯಿತು. ಉಳಿದ ಅಂಗಡಿಗೂ ಅಕ್ಟೋಬರ್‌ನಲ್ಲಿ ಒಂದು ಚಿಲಕ ಬಿತ್ತು. ವೀಟಾದೊಳಗಿಂದ ಕ್ರೆಡಿಟ್ ಕಾರ್ಡು ಬಳಸಿ ನೇರ ಹಣ ಕಟ್ಟುವಂತಿಲ್ಲ, ಬೇರೆ ಕಡೆಯಿಂದ ವಾಲೆಟ್ಟಿಗೆ ದುಡ್ಡು ತುಂಬಿಸಿಕೊಂಡು ಬರಬೇಕು. ಬಾಗಿಲು ತೆರೆದೇ ಇದೆ, ಕೌಂಟರಿನಲ್ಲಿ ಯಾರೂ ಇಲ್ಲ ಎಂಬ ಹಾಗೆ. ಇಂಥ ಅಂಗಡಿಯನ್ನು ನೆಚ್ಚಿ ಯಂತ್ರ ಕೊಳ್ಳಬಾರದು ಎಂದು ನಾನು ಗಟ್ಟಿಯಾಗಿ ತೀರ್ಮಾನಿಸಿದ್ದು ಇಲ್ಲಿ. ಆಟ ಎಂದರೆ ಕೈಗೆ ಸಿಗುವ ಪುಟ್ಟ ಕಾರ್ಡಿನ ರೂಪದಲ್ಲಿದ್ದರೆ ಮಾತ್ರ ನನ್ನ ಲೆಕ್ಕಕ್ಕೆ.

ನಿಂಟೆಂಡೋದ ಕೈ ಯಂತ್ರ 3ಡಿಎಸ್ ಕೂಡ ಯೋಚನೆಯಲ್ಲಿತ್ತು. ಅದರ ಆನ್‌ಲೈನ್ ಅಂಗಡಿ 2023ರ ಮಾರ್ಚ್ 27ಕ್ಕೆ ಮುಚ್ಚಿತು, ನೆಟ್ಟಿನಲ್ಲಿ ಒಟ್ಟಿಗೆ ಆಡುವುದು 2024ರ ಏಪ್ರಿಲ್‌ನಲ್ಲಿ ನಿಂತಿತು. ಆಟದ ಕಾರ್ಡುಗಳ ಬೆಲೆ ಏರಿತು. ಮಡಚುವ ಯಂತ್ರವಾದ್ದರಿಂದ ತಿರುಗಣಿ ಸೀಳಿದೆಯಾ ಎಂದು ಬೇರೆ ನೋಡಬೇಕು. ನಮ್ಮ ಕಡೆ ಕಣ್ಣಿಗೆ ಬೀಳುವುದೂ ಅಪರೂಪ. ಬಿಟ್ಟೆ.

ಚೀನಾದಿಂದ ಬರುವ ಹೊಸ ಪುಟಾಣಿ ಯಂತ್ರಗಳ ವಿಷಯ ಮಗ ಎತ್ತಿದ. ಆನ್‌ಬರ್ನಿಕ್, ಮಿಯೂ ಎಂಬ ಹೆಸರಿನವು. ಹೊಸ ಬ್ಯಾಟರಿ, ಮಾಮೂಲಿ ಕೇಬಲ್, ಮಾಮೂಲಿ ಎಸ್‌ಡಿ ಕಾರ್ಡು; ಹಳೇ ಯಂತ್ರಗಳನ್ನೆಲ್ಲ ಅನುಕರಿಸಿ ಆಡಿಸುತ್ತವೆ. ಮಾತು ಸರಿಯಾಗಿಯೇ ಇದೆ. ಗೇಮ್ ಬಾಯ್ ಕಾಲದ ಆಟ ಸಾಕು ಎನ್ನುವವರು ಕಣ್ಣುಮುಚ್ಚಿ ಅದನ್ನೇ ಕೊಳ್ಳಲಿ. ಹಲವು ಮಾರಾಟಗಾರರು ಸಾವಿರಾರು ಆಟ ತುಂಬಿಸಿದ ಕಾರ್ಡನ್ನೂ ಜೊತೆಗೆ ಕೊಡುತ್ತಾರೆ, ಅದು ಕಳ್ಳಮಾಲು. ಜಾತ್ರೆಯ 9999ರ ಚೀಟಿಯೇ ನೆನಪಾಗುತ್ತದೆ. ಅಷ್ಟೊಂದು ಆಟ ಒಟ್ಟಿಗೆ ಸಿಕ್ಕರೆ ನಾನು ಪಟ್ಟಿಯನ್ನೇ ಮೇಲೆ ಕೆಳಗೆ ಮಾಡುತ್ತಾ ಮಡಗಾವು ತಲುಪುತ್ತೇನೆ.

ಹಾಗಿದ್ದರೆ ವೀಟಾದಲ್ಲಿ ಮಾತ್ರ ಸಿಗುವುದು ಏನು? ಈ ಪ್ರಶ್ನೆಯ ಉತ್ತರವೂ ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತಿದೆ. ಒಂದು ಕಾಲಕ್ಕೆ ಪರ್ಸೋನಾ 4 ಗೋಲ್ಡನ್ ಆಡಬೇಕೆಂದೇ ಜನ ವೀಟಾ ಕೊಳ್ಳುತ್ತಿದ್ದರು. 2020ರಲ್ಲಿ ಅದು ಕಂಪ್ಯೂಟರಿಗೆ ಬಂತು, ಆ ಕಾರಣ ಅಲ್ಲಿಗೆ ಕರಗಿತು. ಗ್ರಾವಿಟಿ ರಶ್ ಪ್ಲೇಸ್ಟೇಷನ್ 4ಕ್ಕೆ ಹೋಯಿತು. ಅನ್‌ಚಾರ್ಟೆಡ್ ಗೋಲ್ಡನ್ ಅಬಿಸ್ ಮಾತ್ರ ವೀಟಾ ಬಿಟ್ಟು ಕದಲಲಿಲ್ಲ. ನನ್ನ ಕಣ್ಣು ಇದ್ದದ್ದು 2013ರ ಟೇರ್‌ಅವೇ ಮೇಲೆ. ಕಾಗದದಿಂದ ಮಾಡಿದ ಲೋಕ. ಯಂತ್ರದ ಹಿಂಬದಿಯ ಫಲಕಕ್ಕೆ ಬೆರಳು ಒತ್ತಿದರೆ ಆಟದೊಳಗಿನ ಕಾಗದದ ನೆಲ ಹರಿದು ನಿಮ್ಮದೇ ಬೆರಳು ಮೇಲೆ ಬರುತ್ತದೆ. ಆ ಲೋಕದ ಸೂರ್ಯನಲ್ಲಿ ಕ್ಯಾಮೆರಾ ಹಿಡಿದ ನಿಮ್ಮ ಮುಖ ಕಾಣುತ್ತದೆ. ಪ್ಲೇಸ್ಟೇಷನ್ 4ಕ್ಕೆ ಅದನ್ನು ಬೇರೆ ರೀತಿಯಲ್ಲಿ ಮತ್ತೆ ಮಾಡಿದರು, ಆದರೆ ಟಿವಿಯ ಹಿಂಬದಿಗೆ ಬೆರಳು ಹಾಕಲು ಆಗುತ್ತದೆಯೇ? ಕೈಯಲ್ಲಿರುವ ವಸ್ತುವಿನ ಆಕಾರವನ್ನೇ ಆಟ ಮಾಡಿಕೊಂಡ ಇಂಥವು ಯಂತ್ರದ ಜೊತೆಗೇ ಬದುಕಿ ಯಂತ್ರದ ಜೊತೆಗೇ ಹೋಗುತ್ತವೆ. ಹಳೇ ಯಂತ್ರ ಕೊಳ್ಳಲು ನನಗೆ ಒಪ್ಪಿಗೆಯಾದ ಕಾರಣ ಇದೊಂದೇ. ಉಳಿದದ್ದಕ್ಕೆಲ್ಲ ಬೇರೆ ದಾರಿಗಳಿವೆ.

ನಮ್ಮ ಊರಿನ ಹವೆಯನ್ನು ಯಾವ ವಿದೇಶಿ ಸಲಹೆಗಾರರೂ ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಕಾರವಾರದಲ್ಲಿ ಉಪ್ಪುಗಾಳಿ ಕಿಟಕಿಯ ಸರಳನ್ನೇ ಬಿಡುವುದಿಲ್ಲ, ಇನ್ನು ಕಾರ್ಡು ಕೂರುವ ತೆಳ್ಳನೆಯ ತಾಮ್ರದ ಹಲ್ಲುಗಳನ್ನು ಬಿಟ್ಟೀತೇ? ಸಿರಸಿಯಲ್ಲಿ ಉಪ್ಪಿಲ್ಲ, ಬದಲಿಗೆ ಆಷಾಢದ ಬೂಸಲು. ಕಪಾಟಿನಲ್ಲಿಟ್ಟ ಚಪ್ಪಲಿ, ಬೆಲ್ಟು, ಕ್ಯಾಮೆರಾದ ಲೆನ್ಸು ಯಾವುದಕ್ಕೂ ವಿನಾಯಿತಿಯಿಲ್ಲ. ಬ್ಯಾಟರಿಯದು ಇನ್ನೊಂದು ಕತೆ. ಲಿಥಿಯಂ ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡಿ ವರ್ಷಗಟ್ಟಲೆ ಇಟ್ಟರೆ ವೋಲ್ಟೇಜ್ ತೀರಾ ಕೆಳಗಿಳಿದು ಮತ್ತೆ ಚಾರ್ಜ್ ಹಿಡಿಯದೆ ಹೋಗಬಹುದು. ತುಂಬಿಸಿ ಸೆಕೆಯಲ್ಲಿಟ್ಟರೆ ಬೇಗ ಸವೆಯುತ್ತದೆ, ಕೆಲವೊಮ್ಮೆ ಉಬ್ಬುತ್ತದೆ. ಅರ್ಧ ತುಂಬಿಸಿ ತಂಪಿನಲ್ಲಿಡುವುದು ಸರಿ. ಹಡಗಿಗೆ ಹೋದವರ ಮನೆಯಲ್ಲಿ ಇದನ್ನೆಲ್ಲ ನೋಡಿಕೊಳ್ಳುವವರು ಯಾರು?

ಅದಕ್ಕೇ ಫೋಟೋ ನೋಡಿ ದುಡ್ಡು ಕಳಿಸುವ ಮಾತೇ ಇಲ್ಲ ಎಂದು, ಮಳೆ ಹೊಳವಾದ ಒಂದು ಭಾನುವಾರ ಬಸ್ಸು ಹತ್ತಿ ಅಂಕೋಲೆಗೆ ಹೋದೆ. ಮನೆಯಲ್ಲಿ ಅವರ ಅಮ್ಮ ಮುರುಗಲು ಶರಬತ್ತು ಕೊಟ್ಟು, ನಾನು ಟೇಬಲ್ ಮೇಲೆ ಹರಡಿಕೊಂಡದ್ದನ್ನು ನೋಡುತ್ತಾ ನಿಂತರು. "ಅದು ಇನ್ನೂ ನಡೀತದಾ?" ಅವರಿಗೆ ಅದೇ ಆಶ್ಚರ್ಯ.

ನಡೆಯುತ್ತಿತ್ತು. ಮೊದಲು ಬೆನ್ನು ನೋಡಿದೆ: ಮೇಜಿನ ಮೇಲಿಟ್ಟರೆ ಅಲ್ಲಾಡುತ್ತದೆಯಾ, ಅಂಚು ಬಿಟ್ಟುಕೊಂಡಿದೆಯಾ? ಇಲ್ಲ, ಅಂದರೆ ಬ್ಯಾಟರಿ ಉಬ್ಬಿಲ್ಲ. ಬೆಳಕು ಕಡಿಮೆ ಮಾಡಿ ಕಪ್ಪು ದೃಶ್ಯ ತಂದೆ. ಒಎಲ್‌ಇಡಿ ಮಾದರಿಗಳಲ್ಲಿ ಮಸಿ ಚೆಲ್ಲಿದಂಥ ಕಲೆಗಳು ಅಲ್ಲೇ ಕಾಣುವುದು. ಎಡ ಮೂಲೆಯಲ್ಲಿ ಸ್ವಲ್ಪ ಇತ್ತು, ಸಹಿಸಬಹುದು. ಕೋಲುಗಳನ್ನು ಮುಟ್ಟದೆ ಬಿಟ್ಟು ಆಟದ ಮನುಷ್ಯ ತಾನೇ ನಡೆದುಹೋಗುತ್ತಾನಾ ನೋಡಿದೆ. ಅವನು ನಿಂತಲ್ಲೇ ನಿಂತಿದ್ದ. ಹಿಂಬದಿಯ ಫಲಕವನ್ನು ಮೂಲೆಮೂಲೆಗೂ ಒತ್ತಿದೆ. ಆಟದ ಕಾರ್ಡನ್ನು ತೆಗೆದು ಹಾಕಿದೆ. ಮೊದಲ ಸಲ ಹಿಡಿಯಲಿಲ್ಲ, ಹಲ್ಲುಗಳನ್ನು ಸ್ಪಿರಿಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದ ಮೇಲೆ ಹಿಡಿಯಿತು. ಒಂದು ಕಡೆ ಆಡಲು ಬಿಟ್ಟು ಮಾತಾಡುತ್ತಾ ಕೂತೆವು. ಶರಬತ್ತು ಮುಗಿದು, ಅವರ ಹೊಸ ಮನೆಯ ಸ್ಲ್ಯಾಬಿನ ಕತೆಯೂ ಮುಗಿಯುವಷ್ಟರಲ್ಲಿ ಬ್ಯಾಟರಿ ಕಾಲು ಭಾಗ ಇಳಿದಿತ್ತು. ಮುದಿತನ ಇದ್ದದ್ದು ಅಲ್ಲಿ.

"ಅಕ್ಕಾ, ಇಷ್ಟೆಲ್ಲ ನಾನು ಹೊಸದು ತಗೊಳ್ಳುವಾಗಲೂ ನೋಡಿರಲಿಲ್ಲ" ಎಂದು ಮಾರುವವರು ನಕ್ಕರು.

"ಹೊಸದರಲ್ಲಿ ನೋಡಬೇಕಾಗಿಯೂ ಇರಲಿಲ್ಲವಲ್ಲ" ಎಂದೆ.

ನಾನು ಲೆಕ್ಕ ಹಾಕಿದ್ದು ಹೀಗೆ. ಅವರ ಬಳಿ 16 ಜಿಬಿಯ ಮೂಲ ಕಾರ್ಡು, ಮೂಲ ಕೇಬಲ್, ಗೋಲ್ಡನ್ ಅಬಿಸ್ ಸೇರಿ ಎರಡು ಆಟದ ಕಾರ್ಡು ಇದ್ದವು. ಮೆಮೊರಿ ಕಾರ್ಡಿಲ್ಲದಿದ್ದರೆ ಎರಡು ಸಾವಿರಕ್ಕೂ ಬೇಡ ಎನ್ನುತ್ತಿದ್ದೆ. ಬ್ಯಾಟರಿ ಬದಲಾಯಿಸಲೇಬೇಕು, ಬೆನ್ನಿನ ಕೆಲವು ಸ್ಕ್ರೂ ಬಿಚ್ಚಿ ಮಾಡುವ ಕೆಲಸ, ಮೊಬೈಲ್ ರಿಪೇರಿಯ ಹುಡುಗನೇ ಮಾಡಿಯಾನು, ಆದರೆ ಒಳ್ಳೆಯ ಬ್ಯಾಟರಿ ಹುಡುಕುವ ತಲೆನೋವು ನನ್ನದು. ಪರದೆಯ ಕಲೆಗೆ ಇಷ್ಟು, ಆನ್‌ಲೈನ್ ಅಂಗಡಿ ಇದ್ದೂ ಇಲ್ಲದಂತಿರುವುದಕ್ಕೆ ಇಷ್ಟು ಎಂದು ಕಳೆದು ಐದೂವರೆ ಹೇಳಿದೆ. ಏಳು ಎಂದರು. ಅವರ ಅಮ್ಮ ಒಳಗಿನಿಂದ, "ಕೊಟ್ಟು ಕಳಿಸೋ ಮಾರಾಯಾ, ಇಲ್ಲಿದ್ದು ಯಾರು ಆಡ್ತಾರೆ" ಎಂದು ಕೂಗಿದ್ದು ನನ್ನ ಪಾಲಿಗೆ ವರವಾಯಿತು. ಆರಕ್ಕೆ ನಿಂತಿತು. ಅವರ ಖಾತೆಯಿಂದ ಯಂತ್ರವನ್ನು ಬಿಡಿಸಿ, ಎಲ್ಲ ಅಳಿಸಿ ಕೊಡಿ ಎಂದು ಎದುರಿಗೇ ಮಾಡಿಸಿಕೊಂಡೆ. ಇಲ್ಲದಿದ್ದರೆ ಮುಂದೆ ಅವರು ನಡುಸಮುದ್ರದಲ್ಲಿರುವಾಗ ಪಾಸ್‌ವರ್ಡ್ ಕೇಳಲು ಯಾರಿಗೆ ಫೋನ್ ಮಾಡುವುದು?

ಹೊಸ ಬ್ಯಾಟರಿ ಬಂದಿದೆ, ಕೂರಿಸಿಯೂ ಆಯಿತು. ಆಡದ ವಾರಗಳಲ್ಲಿ ಅರ್ಧ ಚಾರ್ಜಿನಲ್ಲಿ ಗಾಳಿಯಾಡದ ಡಬ್ಬಿಯೊಳಗೆ, ಔಷಧಿ ಡಬ್ಬಿಗಳಿಂದ ಕೂಡಿಟ್ಟ ಸಿಲಿಕಾ ಪೊಟ್ಟಣಗಳ ಜೊತೆ ಇಡುತ್ತೇನೆ. ಮಗ ಮೊನ್ನೆ ಬೇಡಬೇಡವೆನ್ನುತ್ತಲೇ ಗೋಲ್ಡನ್ ಅಬಿಸ್ ಶುರು ಮಾಡಿ ನನಗಿಂತ ಮುಂದೆ ಹೋಗಿದ್ದಾನೆ. ಟೇರ್‌ಅವೇ ಕಾರ್ಡು ಮಾತ್ರ ಇನ್ನೂ ಸಿಕ್ಕಿಲ್ಲ. ಮಡಗಾವಿನಲ್ಲಿ ಒಬ್ಬರು ಹೇಳಿದ ಬೆಲೆಗೆ ಇನ್ನೊಂದು ವೀಟಾವೇ ಬಂದೀತು. ಹೊನ್ನಾವರ, ಕುಮಟಾ, ಭಟ್ಕಳದ ಕಡೆ ಯಾರದಾದರೂ ಕಪಾಟಿನಲ್ಲಿ ಇದ್ದರೆ ತಿಳಿಸಿ. ನೋಡದೆ ದುಡ್ಡು ಕಳಿಸುವುದಿಲ್ಲ, ನಾನೇ ಬಂದು ನೋಡುತ್ತೇನೆ.